ಕೌಟಿಲೀಯದಲ್ಲಿ ನ್ಯಾಯವಿಚಾರ

ಕೌಟಿಲೀಯ ಅರ್ಥಶಾಸ್ತ್ರವು ರಾಜನೀತಿಯ ಗ್ರಂಥವೆಂಬುದು ಸರ್ವವಿದಿತವಾಗಿದೆ. ಅದೇ ಗ್ರಂಥದ ಎರಡು ಅಧಿಕರಣಗಳು ಪೂರ್ಣವಾಗಿ ನ್ಯಾಯವಿಚಾರಕ್ಕೆ ಮೀಸಲಾಗಿರುವುದು ಅಷ್ಟಾಗಿ ವಿದಿತವಾಗಿಲ್ಲ. ಪಾಠಶಾಲೆಗಳಲ್ಲಿ ಈ ಗ್ರಂಥದ ಪ್ರಸ್ತಾಪ ಬಂದಾಗಲೆಲ್ಲ ಇಬ್ಬಗೆಯ ಮಾತು ಕೇಳಿಬರುತ್ತದೆ. ಗೂಢಚಾರರು, ವಿಷಪ್ರಯೋಗ, ಶತ್ರುಭೇದ ಇವನ್ನೇ ಎತ್ತಿ ತೋರಿಸಿ ಇದು ಕುಟಿಲನ ಶಾಸ್ತ್ರವೆಂದು ತಳ್ಳಿಬಿಡುವವರು ಕೆಲವರು. ದಾಸ್ಯವನ್ನು ಖಂಡಿಸಿ ಕೂಲಿಕಾರರನ್ನು ಕಾಪಾಡಿದ ಧರ್ಮಗ್ರಂಥವೆಂದು ಹೊಗಳುವವರು ಮತ್ತೆ ಕೆಲವರು. ಮೊದಲನೆಯವರಿಗೆ ಬಾಣಭಟ್ಟನ ಬೆಂಬಲವುಂಟು. ಕಾದಂಬರಿಯ ಶುಕನಾಸೋಪದೇಶದಲ್ಲಿ ಆತನು ಈ ಶಾಸ್ತ್ರವನ್ನು ಪ್ರಮಾಣವೆಂದು ನಂಬುವ ಅರಸರನ್ನು ನಿಷ್ಕರುಣರೆಂದು ಜರೆದಿರುವನು. ಎರಡನೆಯವರಿಗೆ ಮೂಲದ ಕೆಲವು ಸೂತ್ರಗಳೇ ಬೆಂಬಲ. ಆದರೆ ಇಬ್ಬರೂ ಗ್ರಂಥದ ಒಂದೊಂದು ಭಾಗವನ್ನೇ ಓದಿ ಇಡೀ ಗ್ರಂಥದ ಮೇಲೆ ತೀರ್ಪು ಕೊಡುವರು. ಒಂದಗುಳನ್ನು ಹಿಸುಕಿ ಇಡೀ ಅನ್ನವನ್ನು ಬಲ್ಲೆವೆನ್ನುವ ಸ್ಥಾಲೀಪುಲಾಕನ್ಯಾಯವು ಎಲ್ಲ ಗ್ರಂಥಗಳಿಗೂ ಸಲ್ಲುವುದಿಲ್ಲ, ಕೌಟಿಲೀಯಕ್ಕಂತೂ ಸಲ್ಲದು.

ಈ ಗ್ರಂಥವು ಲೋಕಕ್ಕೆ ಮರಳಿ ದೊರೆತದ್ದು ಕನ್ನಡ ನಾಡಿನಲ್ಲಿಯೇ. ಚಾಮರಾಜೇಂದ್ರ ಒಡೆಯರವರ ಕಾಲದಲ್ಲಿ, 1891ರಲ್ಲಿ, ಮೈಸೂರಿನಲ್ಲಿ ಓರಿಯಂಟಲ್ ಲೈಬ್ರರಿಯು ಸ್ಥಾಪಿತವಾಯಿತು. 1905ರಲ್ಲಿ ತಂಜಾವೂರು ಸೀಮೆಯ ಪಂಡಿತರೊಬ್ಬರು ಗ್ರಂಥಲಿಪಿಯ ಒಂದು ತಾಳೆಯೋಲೆಯ ಪ್ರತಿಯನ್ನೂ, ಭಟ್ಟಸ್ವಾಮಿಯ ವ್ಯಾಖ್ಯಾನದ ಒಂದು ಖಂಡವನ್ನೂ ಆ ಭಂಡಾರಕ್ಕೆ ಒಪ್ಪಿಸಿದರು. ಅಲ್ಲಿ ಗ್ರಂಥಪಾಲಕರಾಗಿದ್ದ, ಕಾವೇರೀತೀರದ ರುದ್ರಪಟ್ಟಣದಲ್ಲಿ 1868ರಲ್ಲಿ ಜನಿಸಿದ ಮಹಾಮಹೋಪಾಧ್ಯಾಯ ಆರ್. ಶಾಮಶಾಸ್ತ್ರಿಗಳವರು ಅದನ್ನು ಬಿಚ್ಚಿ ನೋಡಿ ಕೌಟಿಲ್ಯನ ಕೃತಿಯೆಂದು ಗುರುತಿಸಿದರು. ಅದುವರೆಗೆ ಈ ಗ್ರಂಥದ ಇರವು ಪರೋಕ್ಷವಾಗಿ ಮಾತ್ರ ಗೊತ್ತಿತ್ತು. ಕಾಮಂದಕನು ಅದನ್ನು ಸಂಗ್ರಹಿಸಿದ್ದನು. ದಂಡಿಯು ದಶಕುಮಾರಚರಿತದಲ್ಲಿ ಅದರ ಪ್ರಮಾಣ ಆರು ಸಾವಿರ ಶ್ಲೋಕವೆಂದು ಹೇಳಿದ್ದನು. ಮಲ್ಲಿನಾಥನು ತನ್ನ ಟೀಕೆಗಳಲ್ಲಿ ಅಲ್ಲಲ್ಲಿ ಉದ್ಧರಿಸಿದ್ದನು. ಮೂಲವು ಮಾತ್ರ ಅಳಿದುಹೋಯಿತೆಂದೇ ವಿದ್ವಾಂಸರು ಎಣಿಸಿದ್ದರು. ಶಾಸ್ತ್ರಿಗಳವರು 1909ರಲ್ಲಿ ಮೂಲವನ್ನು ಮುದ್ರಿಸಿದರು. 1915ರಲ್ಲಿ ಫ್ಲೀಟ್ ಮಹಾಶಯನ ಮುನ್ನುಡಿಯೊಡನೆ ಇಂಗ್ಲಿಷ್ ಭಾಷಾಂತರವನ್ನು ಹೊರತಂದರು. ಒಂದೇ ಪ್ರತಿಯ ಆಧಾರದಿಂದ, ಪೂರ್ಣ ವ್ಯಾಖ್ಯಾನದ ನೆರವಿಲ್ಲದೆ, ಪಾರಿಭಾಷಿಕ ಪದಗಳಿಂದ ಕಿಕ್ಕಿರಿದ ಗ್ರಂಥವನ್ನು ಅರ್ಥಮಾಡುವುದು ಎಷ್ಟು ಕಠಿನವೆಂಬುದನ್ನು ಆ ಕಾರ್ಯದಲ್ಲಿ ಕೈಯಿಟ್ಟವರೇ ಬಲ್ಲರು. ಮುಂದೆ ಗಣಪತಿಶಾಸ್ತ್ರಿಗಳ ತಿರುವನಂತಪುರದ ಆವೃತ್ತಿ, ಯೋಲಿ ಮಹಾಶಯನ ಲಾಹೋರಿನ ಆವೃತ್ತಿ, ಮೇಯರನ ಜರ್ಮನ್ ಭಾಷಾಂತರ, 1960ರ ಅನಂತರ ಕಾಂಗಳೆಯವರ ಪರಿಷ್ಕರಣ ಇವೆಲ್ಲ ಬಂದು ಶಾಸ್ತ್ರಿಗಳವರ ಅರ್ಥಗಳು ಹಲವೆಡೆ ತಿದ್ದಲ್ಪಟ್ಟಿವೆ. ಅದರಿಂದ ಅವರ ಕೀರ್ತಿಗೆ ಕುಂದಿಲ್ಲ. ಕಾಡಿನಲ್ಲಿ ಮೊದಲು ದಾರಿ ಕಡಿದವನು ಹೆದ್ದಾರಿಯನ್ನು ಹಾಕಲಿಲ್ಲವೆಂದು ದೂರುವುದುಂಟೇ?

ಗ್ರಂಥದ ಕಾಲದ ವಿಷಯವನ್ನು ಇಲ್ಲಿ ಬಹಳವಾಗಿ ಬೆಳೆಸಬೇಕಾಗಿಲ್ಲ. ಚಂದ್ರಗುಪ್ತಮೌರ್ಯನ ಮಂತ್ರಿಯೇ ಕರ್ತೃವೆಂಬ ಸಂಪ್ರದಾಯವನ್ನು ಶಾಮಶಾಸ್ತ್ರಿಗಳವರೂ ಕಾಂಗಳೆಯವರೂ ಸಮರ್ಥಿಸಿದರು. ಯೋಲಿ ಮಹಾಶಯನು ಅದನ್ನು ಒಪ್ಪಲಿಲ್ಲ. 1971ರಲ್ಲಿ ಟ್ರಾಟ್‌ಮನ್ ಎಂಬ ವಿದ್ವಾಂಸನು ಪದಪ್ರಯೋಗಗಳ ಎಣಿಕೆಯಿಂದ ಗ್ರಂಥದಲ್ಲಿ ಒಬ್ಬರಿಗಿಂತ ಹೆಚ್ಚು ಕರ್ತೃಗಳ ಕೈಯಿದೆಯೆಂದು ಸಾಧಿಸಲೆತ್ನಿಸಿದನು. 2013ರಲ್ಲಿ ಹೊಸ ಭಾಷಾಂತರವನ್ನು ಪ್ರಕಟಿಸಿದ ಆಲಿವೆಲ್ ಮಹಾಶಯನು ಮೂಲಭಾಗವನ್ನು ಕ್ರಿಸ್ತಶಕದ ಆರಂಭದ ಆಸುಪಾಸಿಗೂ, ಇಂದಿನ ರೂಪವನ್ನು ಇನ್ನೂ ಈಚೆಗೂ ಇಡುವನು. ನ್ಯಾಯವಿಚಾರದ ಅಧ್ಯಾಪಕನು ನೆನಪಿಡತಕ್ಕದ್ದು ಇಷ್ಟೆ: ಇದು ಮೌರ್ಯರ ರಾಜ್ಯದಲ್ಲಿ ಹೀಗೆಯೇ ನಡೆಯುತ್ತಿತ್ತೆಂಬುದಕ್ಕೆ ಸಾಕ್ಷಿಯಲ್ಲ, ಹೀಗೆ ನಡೆಯಬೇಕೆಂದು ಒಬ್ಬ ಶಾಸ್ತ್ರಕಾರನು, ಅಥವಾ ಒಂದು ಶಾಸ್ತ್ರಪರಂಪರೆಯು, ಹೇಳಿದ ವಿಧಿ. ವಿಧಿಯನ್ನು ವೃತ್ತಾಂತವೆಂದು ಓದುವುದರಿಂದಲೇ ಅನೇಕ ಪಾಠ್ಯಪುಸ್ತಕಗಳು ಕೆಟ್ಟಿವೆ.

ಹದಿನೈದು ಅಧಿಕರಣಗಳಲ್ಲಿ ಮೂರನೆಯದು ಧರ್ಮಸ್ಥೀಯ, ನಾಲ್ಕನೆಯದು ಕಂಟಕಶೋಧನ. ವಾದಿ ಪ್ರತಿವಾದಿಗಳ ವ್ಯಾಜ್ಯಗಳು ಮೊದಲನೆಯದರ ವಿಷಯ. ಪ್ರಜೆಗಳನ್ನು ಪೀಡಿಸುವ ಮುಳ್ಳುಗಳನ್ನು ಕೀಳುವುದು ಎರಡನೆಯದರ ವಿಷಯ. ಆ ಮುಳ್ಳುಗಳ ಪಟ್ಟಿಯಲ್ಲಿ ಕಳ್ಳರು, ಕೊಲೆಗಡುಕರು, ಮೋಸದ ವ್ಯಾಪಾರಿಗಳು ಮಾತ್ರವಲ್ಲದೆ ನ್ಯಾಯಾಧೀಶನೂ ಸೇರಿರುವುದು ಗಮನಾರ್ಹವಾಗಿದೆ. ವ್ಯಾಜ್ಯಕ್ಕೆ ಬಂದವನನ್ನು ಧರ್ಮಸ್ಥನು ಗದರಿಸಿದರೆ, ಬೆದರಿಸಿದರೆ, ಹೊರಗಟ್ಟಿದರೆ ಅವನಿಗೆ ಪೂರ್ವಸಾಹಸದಂಡ; ಬೈದರೆ ಅದರ ಇಮ್ಮಡಿ. ಕೇಳಬೇಕಾದುದನ್ನು ಕೇಳದೆ ಬಿಟ್ಟರೆ, ಕೇಳಬಾರದುದನ್ನು ಕೇಳಿದರೆ, ಸಾಕ್ಷಿಗೆ ಹೇಳಿಕೊಟ್ಟರೆ, ಮರೆತುದನ್ನು ನೆನಪಿಸಿದರೆ ಮಧ್ಯಮಸಾಹಸದಂಡ. ಕಾಲಹರಣಮಾಡಿ ಕಕ್ಷಿಗಾರನನ್ನು ದಣಿಸಿ ಹಿಂದಕ್ಕೆ ಹೋಗುವಂತೆ ಮಾಡಿದರೆ, ತೀರಿದ ವ್ಯಾಜ್ಯವನ್ನು ಮತ್ತೆ ಎತ್ತಿಕೊಂಡರೆ ಉತ್ತಮಸಾಹಸದಂಡ, ಎಂದರೆ ಐನೂರರಿಂದ ಸಾವಿರ ಪಣ. ಬೈಗುಳಕ್ಕಿಂತ ವಿಳಂಬಕ್ಕೆ ಹೆಚ್ಚಿನ ದಂಡವನ್ನು ಇಟ್ಟಿರುವ ಈ ತಾರತಮ್ಯವನ್ನು ವಾಚಕರು ಚೆನ್ನಾಗಿ ಮನನಮಾಡಬೇಕು. ನ್ಯಾಯಸ್ಥಾನದ ಲೇಖಕನನ್ನೂ ಶಾಸ್ತ್ರಕಾರನು ಬಿಟ್ಟಿಲ್ಲ. ಹೇಳಿದ್ದನ್ನು ಬರೆಯದವನು, ಹೇಳದ್ದನ್ನು ಬರೆದವನು, ಕೆಟ್ಟದಾಗಿ ಹೇಳಿದ್ದನ್ನು ತಿದ್ದಿ ಬರೆದವನು, ಚೆನ್ನಾಗಿ ಹೇಳಿದ್ದನ್ನು ಕೆಡಿಸಿ ಬರೆದವನು, ಇವರೆಲ್ಲ ದಂಡಾರ್ಹರು. ಇದರಲ್ಲಿ ಮೂರನೆಯದು ಸೂಕ್ಷ್ಮವಾದುದು. ಬಡವನ ತೊದಲು ಮಾತನ್ನು ದಯೆಯಿಂದ ನೇರ್ಪಡಿಸಿದ ಲೇಖಕನೂ ತಪ್ಪಿತಸ್ಥನೇ. ಏಕೆಂದರೆ ಅದೇ ಕೈ ನಾಳೆ ಧನಿಕನ ಮಾತನ್ನೂ ನೇರ್ಪಡಿಸಬಲ್ಲದು.

ದಾಸರ ಮತ್ತು ಕರ್ಮಕರರ ಪ್ರಕರಣವೇ ಹೆಚ್ಚಾಗಿ ವಿವಾದಕ್ಕೆ ಗುರಿಯಾದುದು. ಪ್ರಾಪ್ತವಯಸ್ಕನಲ್ಲದ ಶೂದ್ರಬಾಲಕನನ್ನು, ಅವನು ಹುಟ್ಟುದಾಸನಲ್ಲದಿದ್ದರೆ, ಬಂಧುವು ಮಾರಿದರೆ ಅಥವಾ ಒತ್ತೆಯಿಟ್ಟರೆ ಹನ್ನೆರಡು ಪಣ ದಂಡ. ವೈಶ್ಯಬಾಲಕನಾದರೆ ಇಪ್ಪತ್ತನಾಲ್ಕು, ಕ್ಷತ್ರಿಯನಾದರೆ ಮೂವತ್ತಾರು, ಬ್ರಾಹ್ಮಣನಾದರೆ ನಲವತ್ತೆಂಟು. ಈ ಒಂದೇ ವಾಕ್ಯದಲ್ಲಿ ಎರಡು ಸಂಗತಿಗಳು ಅಡಗಿವೆ. ಶೂದ್ರನನ್ನು ಶಾಸ್ತ್ರಕಾರನು ಆರ್ಯರ ಗುಂಪಿನಲ್ಲಿಯೇ ಎಣಿಸಿ ಅವನ ಮಾರಾಟವನ್ನು ಅಪರಾಧವೆಂದಿರುವುದು ಒಂದು. ಆ ಅಪರಾಧದ ಬೆಲೆಯನ್ನು ನಾಲ್ಕು ಮೆಟ್ಟಿಲುಗಳಾಗಿ ಕಟ್ಟಿರುವುದು ಇನ್ನೊಂದು. ಹೊಗಳುವವರು ಮೊದಲನೆಯದನ್ನೂ ತೆಗಳುವವರು ಎರಡನೆಯದನ್ನೂ ಉದ್ಧರಿಸುವರು, ವಾಕ್ಯವಾದರೋ ಒಂದೇ. ಮ್ಲೇಚ್ಛರು ತಮ್ಮ ಮಕ್ಕಳನ್ನು ಮಾರುವುದು ದೋಷವಲ್ಲವೆಂದು ಅಲ್ಲಿಯೇ ಹೇಳಿರುವುದರಿಂದ, ದಾಸ್ಯವನ್ನೇ ನಿಷೇಧಿಸಿದನೆಂಬ ಮಾತು ನಿಲ್ಲುವುದಿಲ್ಲ.

ಹಾಗೆಂದು ಆ ಪ್ರಕರಣದಲ್ಲಿ ಕರುಣೆಯಿಲ್ಲವೆನ್ನುವುದೂ ಸರಿಯಲ್ಲ. ಒತ್ತೆಯಾಳಿನಿಂದ ಹೆಣ ಹೊರಿಸಿದರೆ, ಮಲಮೂತ್ರ ಎತ್ತಿಸಿದರೆ, ಎಂಜಲು ತೆಗೆಯಿಸಿದರೆ, ಅವನನ್ನು ಹೊಡೆದರೆ, ಒತ್ತೆಯ ಹೆಂಗಸಿನ ಮಾನಕ್ಕೆ ಕೈಯಿಟ್ಟರೆ ಕೊಟ್ಟ ಹಣವು ಮುಳುಗಿಹೋಗುವುದು. ತನ್ನನ್ನು ತಾನೇ ಮಾರಿಕೊಂಡವನ ಸಂತಾನವು ಸ್ವತಂತ್ರ. ಒಡೆಯನ ಕೆಲಸಕ್ಕೆ ಭಂಗವಿಲ್ಲದೆ ದಾಸನು ಗಳಿಸಿದ್ದು ಅವನದೇ, ಪಿತ್ರಾರ್ಜಿತವೂ ಅವನದೇ, ಬೆಲೆಯನ್ನು ಹಿಂದಿರುಗಿಸಿದೊಡನೆ ಅವನು ಆರ್ಯತ್ವವನ್ನು ಪಡೆಯುವನು. ಒಡೆಯನಿಂದ ದಾಸಿಯಲ್ಲಿ ಮಗು ಹುಟ್ಟಿದರೆ ತಾಯಿ ಮಗು ಇಬ್ಬರೂ ಬಿಡುಗಡೆ ಹೊಂದುವರು. ಕೂಲಿಯ ವಿಷಯದಲ್ಲಿ ಶಾಸ್ತ್ರಕಾರನ ಲೆಕ್ಕ ಇನ್ನೂ ಸ್ಪಷ್ಟವಾಗಿದೆ. ಮೊದಲೇ ಮಾತಾಗಿದ್ದರೆ ಮಾತಿನಂತೆ ಕೂಲಿ. ಮಾತಾಗದಿದ್ದರೆ ಆರಂಭಗಾರನ ಆಳಿಗೆ ಬೆಳೆಯಲ್ಲಿ ಹತ್ತರಲ್ಲೊಂದು ಪಾಲು, ದನ ಕಾಯುವವನಿಗೆ ತುಪ್ಪದಲ್ಲಿ ಹತ್ತರಲ್ಲೊಂದು, ವ್ಯಾಪಾರದ ಆಳಿಗೆ ಮಾರಾಟದಲ್ಲಿ ಹತ್ತರಲ್ಲೊಂದು. ಕೂಲಿಯನ್ನು ಕೊಡದಿದ್ದರೆ ಅದರ ಹತ್ತರಲ್ಲೊಂದಂಶ ಅಥವಾ ಆರು ಪಣ ದಂಡ. ಕೆಲಸವನ್ನೇ ಮಾಡಿಲ್ಲವೆಂದು ಸುಳ್ಳಾಡಿದರೆ ಹನ್ನೆರಡು ಪಣ ಅಥವಾ ಐದರಲ್ಲೊಂದಂಶ. ಸಾಕ್ಷಿಗಳಿಲ್ಲದಿದ್ದರೆ ಕೆಲಸ ನಡೆದ ಸ್ಥಳದಲ್ಲಿಯೇ ವಿಚಾರಿಸತಕ್ಕದ್ದು. ರಾಗಿಯ ಹೊಲ, ತೆಂಗಿನ ತೋಟಗಳ ಗುಬ್ಬಿ ತಾಲ್ಲೂಕಿನಂಥ ಸೀಮೆಯಲ್ಲಿ ಪಾಠ ಹೇಳುವ ಉಪಾಧ್ಯಾಯನಿಗೆ ಈ ಭಾಗವನ್ನು ವಿವರಿಸಲು ಬೇರೆ ದೃಷ್ಟಾಂತ ಬೇಕಿಲ್ಲ.

ಇನ್ನು ಕಹಿಯಾದ ಭಾಗ. ತಾನು ಬ್ರಾಹ್ಮಣನೆಂದು ಹೇಳಿಕೊಂಡ ಶೂದ್ರನಿಗೆ ಅಂಜನ ಹಚ್ಚಿ ಕಣ್ಣು ಕಳೆಯುವುದು, ಅಥವಾ ಎಂಟುನೂರು ಪಣ ದಂಡ. ಆರ್ಯಸ್ತ್ರೀಯನ್ನು ಮುಟ್ಟಿದ ಚಂಡಾಲನಿಗೆ ನೂರು ಪಣ. ಬ್ರಾಹ್ಮಣ ಅಪರಾಧಿಗೆ ಚಿತ್ರಹಿಂಸೆಯಿಲ್ಲ. ಹಣೆಯ ಮೇಲೆ ಮುದ್ರೆಯೊತ್ತಿ ದೇಶದಿಂದ ಹೊರಡಿಸುವುದು ಅಥವಾ ಗಣಿಯಲ್ಲಿರಿಸುವುದು. ಇವುಗಳನ್ನು ಪ್ರಕ್ಷಿಪ್ತವೆಂದು ತೆಗೆದುಹಾಕಿ ಗ್ರಂಥವನ್ನು ಶುದ್ಧಿಮಾಡಹೊರಡುವುದು ಪಾಂಡಿತ್ಯವಲ್ಲ, ವಕಾಲತ್ತು.

ಇಲ್ಲಿ ನಿಟ್ಟೂರೆಂಬ ಹೆಸರಿನ ವಿಷಯದಲ್ಲಿ ಒಂದು ಎಚ್ಚರಿಕೆ ಅವಶ್ಯವಾಗಿದೆ. ಗುಬ್ಬಿಯಿಂದ ತಿಪಟೂರಿನ ಕಡೆಗೆ ಹೋಗುವ ದಾರಿಯಲ್ಲಿರುವ ನಿಟ್ಟೂರು ಬೇರೆ. ಬಳ್ಳಾರಿ ಸೀಮೆಯಲ್ಲಿ ತುಂಗಭದ್ರೆಯ ಬಳಿಯ ನಿಟ್ಟೂರು ಬೇರೆ. ಮೊದಲನೆಯದರಲ್ಲಿ ಹೊಯ್ಸಳರ ಕಾಲದ ಶಾಂತೀಶ್ವರ ಬಸದಿಯಿದೆ. ಎರಡನೆಯದರಲ್ಲಿ ಅಶೋಕನ ಹೆಸರನ್ನೇ ಹೇಳುವ ಕಿರುಬಂಡೆಶಾಸನವು ಕಳೆದ ಶತಮಾನದ ಎಪ್ಪತ್ತರ ದಶಕದಲ್ಲಿ ಬೆಳಕಿಗೆ ಬಂದಿತು. ಸಮೀಪದ ಉಡೆಗೊಳದಲ್ಲಿಯೂ ಅಂಥದೊಂದು ದೊರೆತಿದೆ. ವಿದ್ಯಾರ್ಥಿಗಳು ಈ ಎರಡು ಊರುಗಳನ್ನು ಒಂದಾಗಿಸಿ ತುಮಕೂರು ಸೀಮೆಯಲ್ಲಿ ಅಶೋಕನ ಶಾಸನವಿದೆಯೆಂದು ಬರೆಯುವುದುಂಟು. ಅಶೋಕನನ್ನು ಇಲ್ಲಿ ಸ್ಮರಿಸಲು ನ್ಯಾಯವಿಚಾರದ ಕಾರಣವೂ ಇದೆ. ಆತನು ತನ್ನ ನಾಲ್ಕನೆಯ ಸ್ತಂಭಶಾಸನದಲ್ಲಿ ರಜ್ಜುಕರೆಂಬ ಅಧಿಕಾರಿಗಳಿಗೆ ವ್ಯವಹಾರದಲ್ಲಿಯೂ ದಂಡದಲ್ಲಿಯೂ ಸಮತೆಯಿರಬೇಕೆಂದು ವಿಧಿಸಿರುವನು. ಮರಣದಂಡನೆ ಹೊಂದಿದವರಿಗೆ ಮೂರು ದಿನಗಳ ಅವಧಿಯನ್ನೂ ಕೊಟ್ಟಿರುವನು. ಈ ಸಮತೆಯು ವರ್ಣಭೇದವನ್ನು ಅಳಿಸುವ ಸಮತೆಯೋ, ಅಥವಾ ಒಬ್ಬೊಬ್ಬ ಅಧಿಕಾರಿ ಒಂದೊಂದು ರೀತಿ ತೀರ್ಪು ಕೊಡದಿರಲೆಂಬ ಏಕರೂಪತೆಯೋ ಎಂಬ ವಿಷಯದಲ್ಲಿ ವಿದ್ವಾಂಸರಿಗೆ ಐಕಮತ್ಯವಿಲ್ಲ. ಎರಡನೆಯ ಅರ್ಥವೇ ಸಂದರ್ಭಕ್ಕೆ ಹೆಚ್ಚು ಹೊಂದುವುದೆಂದು ತೋರುತ್ತದೆ. ಆದರೂ ಶಾಸ್ತ್ರದ ಮೆಟ್ಟಿಲುದಂಡಗಳ ಪಕ್ಕದಲ್ಲಿ ಅರಸನೊಬ್ಬನು ಸಮತೆಯೆಂಬ ಪದವನ್ನು ಕಲ್ಲಿನ ಮೇಲೆ ಕೊರೆಯಿಸಿದನೆಂಬುದು ಸಣ್ಣ ಸಂಗತಿಯಲ್ಲ.

ಶಾಸ್ತ್ರಕ್ಕೂ ನ್ಯಾಯಕ್ಕೂ ವಿರೋಧ ಬಂದಲ್ಲಿ ಯಾವುದು ಬಲವತ್ತರ? ಈ ಪ್ರಶ್ನೆಗೆ ಕೌಟಿಲ್ಯನು ಧರ್ಮಸ್ಥೀಯದ ಮೊದಲ ಅಧ್ಯಾಯದಲ್ಲಿಯೇ ಉತ್ತರ ಹೇಳಿರುವನು. ಧರ್ಮ, ವ್ಯವಹಾರ, ಚರಿತ್ರ, ರಾಜಶಾಸನ ಇವು ವಿವಾದನಿರ್ಣಯದ ನಾಲ್ಕು ಪಾದಗಳು. ಹಿಂದಿನದಕ್ಕಿಂತ ಮುಂದಿನದು ಬಲವುಳ್ಳದ್ದು. ಶಾಸ್ತ್ರವು ಧರ್ಮನ್ಯಾಯದೊಡನೆ ವಿರೋಧಿಸಿದಲ್ಲಿ ನ್ಯಾಯವೇ ಪ್ರಮಾಣ, ಅಲ್ಲಿ ಗ್ರಂಥಪಾಠಕ್ಕೆ ನೆಲೆಯಿಲ್ಲವೆಂಬುದು ಅವನ ಅಭಿಪ್ರಾಯ. ನ್ಯಾಯವೆಂದರೆ ಇಲ್ಲಿ ಯುಕ್ತಿಯೋ, ರಾಜಾಜ್ಞೆಯೋ ಎಂಬುದರಲ್ಲಿ ವ್ಯಾಖ್ಯಾತೃಗಳ ಮತಭೇದವುಂಟು; ರಾಜಾಜ್ಞೆಯೆಂದೇ ಆದರೆ ವಾಕ್ಯದ ಉದಾರತೆಯು ಬಹುಮಟ್ಟಿಗೆ ಕುಗ್ಗುವುದು. ಯಾಜ್ಞವಲ್ಕ್ಯನ ಮಾರ್ಗ ಬೇರೆ. ಅವನಿಗೆ ಅರ್ಥಶಾಸ್ತ್ರಕ್ಕಿಂತ ಧರ್ಮಶಾಸ್ತ್ರವೇ ಬಲವತ್ತರ. ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯನ ಆಳಿಕೆಯಲ್ಲಿ ಮಿತಾಕ್ಷರೆಯನ್ನು ರಚಿಸಿದ ವಿಜ್ಞಾನೇಶ್ವರನು ಆ ಶ್ಲೋಕಕ್ಕೆ ಬಂದಾಗ ಜಾಣತನವನ್ನು ತೋರಿರುವನು. ಅಲ್ಲಿ ಹೇಳಿದ ಅರ್ಥಶಾಸ್ತ್ರವು ಉಶನಸ ಮೊದಲಾದವರ ಸ್ವತಂತ್ರ ಗ್ರಂಥವಲ್ಲ, ಧರ್ಮಶಾಸ್ತ್ರದ ಒಳಗೇ ಇರುವ ರಾಜನೀತಿಭಾಗವೆಂದು ಅವನ ನಿರ್ಣಯ. ಹೀಗೆ ಹೇಳುವುದರಿಂದ ಕೌಟಿಲ್ಯನಂಥವರು ವಾದದ ಕಣಕ್ಕೇ ಬರದಂತಾಯಿತು. ಬ್ರಿಟಿಷರ ನ್ಯಾಯಸ್ಥಾನಗಳಲ್ಲಿ ಮಿತಾಕ್ಷರೆಯು ಹಿಂದೂಗಳ ದಾಯಭಾಗಕ್ಕೆ ಪ್ರಮಾಣವಾಗಿ ನಿಂತು, ಕೌಟಿಲೀಯವು ಓಲೆಯಲ್ಲಿಯೇ ಉಳಿದುದಕ್ಕೆ ಹಿನ್ನೆಲೆಯಾಗಿ ಈ ನಿರ್ಣಯವನ್ನೂ ಎಣಿಸಬಹುದು.

ದಂಡವು ಮಗನ ಮೇಲೂ ಶತ್ರುವಿನ ಮೇಲೂ ಅಪರಾಧಕ್ಕೆ ತಕ್ಕಂತೆ ಸಮನಾಗಿ ಬಿದ್ದಾಗಲೇ ಇಹಪರಗಳೆರಡನ್ನೂ ಕಾಯುವುದೆಂದು ಅದೇ ಅಧ್ಯಾಯವು ಹೇಳುತ್ತದೆ. ಸಾಹಿತ್ಯಾಧ್ಯಾಪಕರಿಗೆ ಈ ಸೂತ್ರದ ಉದಾಹರಣೆಯನ್ನು ಹುಡುಕಲು ದೂರ ಹೋಗಬೇಕಾಗಿಲ್ಲ. ನಿಟ್ಟೂರಿಗೆ ನೆರೆಯ ಗುಬ್ಬಿಯ ಮಲ್ಲಣಾರ್ಯನು 1513ರಲ್ಲಿ ರಚಿಸಿದ ಭಾವಚಿಂತಾರತ್ನದ ಕಥೆಯೇ ಅದು. ರಾಜಕುಮಾರನ ಕುದುರೆಯ ಸವಾರಿಯಲ್ಲಿ ಊರ ಬೀದಿಯ ಬಾಲಕನು ಸಾಯುವನು. ತಾಯಿಯು ಅರಮನೆಯ ಬಾಗಿಲಲ್ಲಿ ನ್ಯಾಯ ಬೇಡುವಳು. ಸತ್ಯೇಂದ್ರಚೋಳನು ತನ್ನ ಮಗನನ್ನೇ ಮರಣದಂಡನೆಗೆ ಗುರಿಮಾಡುವನು. ಕೊನೆಗೆ ಶಿವನು ಪ್ರತ್ಯಕ್ಷನಾಗಿ ಎಲ್ಲರನ್ನೂ ಬದುಕಿಸುವನು. ಷಡಕ್ಷರಿಯು 1657ರಲ್ಲಿ ರಾಜಶೇಖರವಿಳಾಸವನ್ನು ಬರೆದಾಗ ಇದೇ ಕಥೆಯನ್ನು ಚಂಪುವಿನ ವೈಭವಕ್ಕೆ ಏರಿಸಿದನು. ಕವಿಗಳ ಉದ್ದೇಶ ಪಂಚಾಕ್ಷರಿಯ ಮಹಿಮೆಯೇ ಹೊರತು ದಂಡನೀತಿಯಲ್ಲ, ನಿಜ. ಆದರೆ ಕಥೆಯ ಬಿಗಿಯೆಲ್ಲ ಇರುವುದು ಅರಸನು ಮಗನಿಗೆ ರಿಯಾಯಿತಿ ತೋರಿಸಲಾರನೆಂಬ ಒಂದೇ ಗಂಟಿನಲ್ಲಿ. ಆ ಗಂಟು ಸಡಿಲವಾಗಿದ್ದರೆ ಶಿವನು ಬರಬೇಕಾದ ಅಗತ್ಯವೇ ಇರುತ್ತಿರಲಿಲ್ಲ. ಶಾಸ್ತ್ರವು ಒಂದು ಶ್ಲೋಕದಲ್ಲಿ ಹೇಳಿ ಮುಗಿಸಿದ ನಿಯಮದ ಬೆಲೆ ಎಷ್ಟೆಂಬುದನ್ನು ಕಾವ್ಯವು ತಂದೆಯೊಬ್ಬನ ಎದೆಯ ಮೇಲಿಟ್ಟು ತೂಗಿ ತೋರಿಸುತ್ತದೆ.

ನಿಟ್ಟೂರಿನಂಥ ಊರುಗಳ ಕಲ್ಬರಹಗಳನ್ನು ಓದುವವರಿಗೆ ಎರಡನೆಯ ಅಧಿಕರಣದ ಶಾಸನಾಧಿಕಾರವೆಂಬ ಅಧ್ಯಾಯವು ವಿಶೇಷ ಉಪಯುಕ್ತ. ತುಮಕೂರು ಜಿಲ್ಲೆಯ ಶಾಸನಗಳನ್ನು ಗುಬ್ಬಿ ತಾಲ್ಲೂಕಿನವುಗಳೊಡನೆ ಲೂಯಿ ರೈಸ್ ಮಹಾಶಯನು 1904ರಲ್ಲಿ ಎಪಿಗ್ರಾಫಿಯಾ ಕರ್ಣಾಟಿಕಾದ ಹನ್ನೆರಡನೆಯ ಸಂಪುಟವಾಗಿ ಪ್ರಕಟಿಸಿದನು. ಮೈಸೂರಿನಲ್ಲಿ ಓಲೆಯ ಕಟ್ಟು ಬಿಚ್ಚಿದ್ದು ಅದರ ಮರುವರ್ಷ. ರಾಜಲೇಖಕ್ಕೆ ಅರ್ಥಕ್ರಮ, ಸಂಬಂಧ, ಪರಿಪೂರ್ಣತೆ, ಮಾಧುರ್ಯ, ಔದಾರ್ಯ, ಸ್ಪಷ್ಟತೆಯೆಂಬ ಆರು ಗುಣಗಳನ್ನೂ, ಅಕಾಂತಿ, ವ್ಯಾಘಾತ, ಪುನರುಕ್ತ, ಅಪಶಬ್ದ, ಸಂಪ್ಲವವೆಂಬ ಐದು ದೋಷಗಳನ್ನೂ ಕೌಟಿಲ್ಯನು ಎಣಿಸುವನು. ಅಲಂಕಾರಶಾಸ್ತ್ರದ ಗುಣದೋಷವಿಚಾರವನ್ನು ಬೋಧಿಸುವವರು ಕಚೇರಿಯ ಬರವಣಿಗೆಯಲ್ಲಿ ಹುಟ್ಟಿದ ಈ ಗುಣಪಟ್ಟಿಯನ್ನು ದಂಡಿ ವಾಮನರ ಪಟ್ಟಿಯ ಪಕ್ಕದಲ್ಲಿಟ್ಟು ನೋಡತಕ್ಕದ್ದು. ಕನ್ನಡ ನಾಡಿನ ದಾನಶಾಸನಗಳಲ್ಲಿ ಸೀಮೆ, ಅಳತೆ, ಕಾಲ, ದಾನಿ, ಪ್ರತಿಗ್ರಾಹಿ ಇವುಗಳ ಕ್ರಮವು ಸಾಮಾನ್ಯವಾಗಿ ನಿಯತವಾಗಿರುವುದು ಇದೇ ಬಗೆಯ ಲೇಖಕಶಿಕ್ಷಣದ ಫಲವೆಂದು ತೋರುವುದು. ಆದರೆ ಕೊನೆಗೆ ಬಂದಾಗ ದಾರಿಗಳು ಅಗಲುತ್ತವೆ. ಆಜ್ಞೆ ಮೀರಿದವನಿಗೆ ಕೌಟಿಲ್ಯನಲ್ಲಿ ಪಣಗಳ ಲೆಕ್ಕ. ಶಾಸನಗಳಲ್ಲಿಯಾದರೋ ವಾರಣಾಸಿಯಲ್ಲಿ ಕವಿಲೆಯನ್ನು ಕೊಂದ ಪಾಪ. ದಂಡ ಹಾಕುವ ಅರಸನ ವಂಶವೇ ಅಳಿದ ಮೇಲೂ ದತ್ತಿಯು ಉಳಿಯಬೇಕಾಗಿದ್ದುದರಿಂದ ಶಾಪದ ಕಾವಲೇ ದಾನಿಗಳಿಗೆ ಹೆಚ್ಚು ನೆಚ್ಚಿಕೆಯದಾಗಿ ಕಂಡಿರಬೇಕು.

ಶಾಸ್ತ್ರಿಗಳವರ ಭಾಷಾಂತರವು ಹೊರಬಂದ ದಶಕದಲ್ಲಿಯೇ ಮೈಸೂರು ಸಂಸ್ಥಾನದಲ್ಲಿ ಸಾಮಾಜಿಕನ್ಯಾಯದ ಮತ್ತೊಂದು ಗ್ರಂಥವು ಸಿದ್ಧವಾಯಿತು. 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರವರು ಮುಖ್ಯ ನ್ಯಾಯಾಧೀಶ ಲೆಸ್ಲಿ ಮಿಲ್ಲರನ ಅಧ್ಯಕ್ಷತೆಯಲ್ಲಿ ನೇಮಿಸಿದ ಸಮಿತಿಯು 1919ರಲ್ಲಿ ತನ್ನ ವರದಿಯನ್ನು ಒಪ್ಪಿಸಿ, ಏಳು ವರ್ಷಗಳೊಳಗೆ ಮೇಲಿನ ಸರಕಾರಿ ಹುದ್ದೆಗಳಲ್ಲಿ ಅರ್ಧಕ್ಕೆ ಕಡಮೆಯಿಲ್ಲದಂತೆ, ಕೆಳಗಿನವುಗಳಲ್ಲಿ ಮೂರರಲ್ಲೆರಡು ಪಾಲಿಗೆ ಕಡಮೆಯಿಲ್ಲದಂತೆ ಹಿಂದುಳಿದ ಜನರಿಗೆ ದೊರೆಯಬೇಕೆಂದು ಸೂಚಿಸಿತು. ಈ ವರದಿಯನ್ನು ಸಾಹಿತ್ಯವೆಂದು ಯಾರೂ ಓದುವುದಿಲ್ಲ. ಓದಿದರೆ ಮೆಟ್ಟಿಲುದಂಡದ ಶಾಸ್ತ್ರವನ್ನು ಮುದ್ರಿಸಿದ ಸಂಸ್ಥಾನವೇ ಆ ಮೆಟ್ಟಿಲುಗಳನ್ನು ಅಂಕೆಗಳಲ್ಲಿ ಎಣಿಸಿ ಇಳಿಸಲು ಯತ್ನಿಸಿದ ಬಗೆ ತಿಳಿಯುವುದು.

ರಾಜಪುರುಷರ ಅಪಹರಣದ ಪ್ರಕರಣವನ್ನು ಹೇಳದೆ ಈ ವಿಷಯ ಮುಗಿಯದು. ಬೊಕ್ಕಸದ ಹಣವನ್ನು ನುಂಗುವ ನಲವತ್ತು ಉಪಾಯಗಳನ್ನು ಕೌಟಿಲ್ಯನು ಹೆಸರಿಟ್ಟು ಎಣಿಸಿರುವನು. ನೀರಿನೊಳಗಿನ ಮೀನು ನೀರು ಕುಡಿಯುವುದು ಹೇಗೆ ಕಾಣದೋ ಹಾಗೆ ಅಧಿಕಾರಿಯು ಹಣ ತಿನ್ನುವುದೂ ಕಾಣದೆನ್ನುವನು. ಕಳವನ್ನು ತಿಳಿಸಿದವನಿಗೆ, ಅದು ಸಿದ್ಧವಾದರೆ, ಆರರಲ್ಲೊಂದು ಪಾಲು. ತಿಳಿಸಿದವನು ಅಪಹರಿಸಿದವನ ಕೈಕೆಳಗಿನ ಭೃತ್ಯನಾದರೆ ಹನ್ನೆರಡರಲ್ಲೊಂದು. ಮನೆಯ ಗುಟ್ಟನ್ನು ಬಲ್ಲವನಿಗೆ ಪಾಲು ಕಡಮೆಯೇಕೆಂಬುದು ವಿಚಾರಾರ್ಹ. ತನ್ನ ಒಡೆಯನ ಮೇಲೆ ದೂರು ಹೇಳುವುದು ಲಾಭದ ಉದ್ಯೋಗವಾಗದಿರಲೆಂಬುದೇ ಕಾರಣವಿದ್ದೀತು. ಸಂತಾನಂ ಸಮಿತಿಯ ಸಲಹೆಯಂತೆ 1964ರಲ್ಲಿ ಭಾರತ ಸರಕಾರವು ಕೇಂದ್ರ ಜಾಗೃತ ಆಯೋಗವನ್ನು ಸ್ಥಾಪಿಸಿದಾಗ ಅದರ ಮೊದಲ ಆಯುಕ್ತರಾದವರು ಮೈಸೂರು ಹೈಕೋರ್ಟಿನ ಮುಖ್ಯ ನ್ಯಾಯಾಧೀಶರಾಗಿದ್ದ, ನಿಟ್ಟೂರೆಂಬ ಹೆಸರನ್ನು ತಮ್ಮ ಹೆಸರಿನ ಮೊದಲಲ್ಲಿ ಧರಿಸಿದ್ದ ನಿಟ್ಟೂರು ಶ್ರೀನಿವಾಸರಾಯರು. ಬೆಂಗಳೂರಿನ ಸತ್ಯಶೋಧನ ಪುಸ್ತಕಭಂಡಾರದ ಮೂಲಕ ಕನ್ನಡ ಗ್ರಂಥಪ್ರಕಾಶನಕ್ಕೂ ಅವರು ದುಡಿದವರು.

ಅರಸನೇ ತಪ್ಪು ಮಾಡಿದರೆ? ಕಂಟಕಶೋಧನದ ಕೊನೆಯಲ್ಲಿ ಇದಕ್ಕೂ ವಿಧಿಯಿದೆ. ದಂಡಾರ್ಹನಲ್ಲದವನನ್ನು ದಂಡಿಸಿದ ಅರಸನು ಆ ದಂಡದ ಮೂವತ್ತು ಪಟ್ಟು ಹಣವನ್ನು ವರುಣನಿಗೆಂದು ನೀರಿನಲ್ಲಿಟ್ಟು, ಬಳಿಕ ಬ್ರಾಹ್ಮಣರಿಗೆ ಕೊಡತಕ್ಕದ್ದು. ಆ ಹಣವನ್ನು ವಸೂಲುಮಾಡುವ ಅಧಿಕಾರಿಯಾರೆಂಬುದನ್ನು ಶಾಸ್ತ್ರಕಾರನು ಹೇಳಿಲ್ಲ. ಅನ್ಯಾಯವಾಗಿ ದಂಡಿಸಲ್ಪಟ್ಟ ಪ್ರಜೆಗೆ ಅದರಲ್ಲಿ ಒಂದು ಪಣವೂ ಸಲ್ಲುವುದೆಂದು ಹೇಳಿಲ್ಲ.